ನಿಲ್ಲುವ ವಿದ್ಯೆ

ಸುತ್ತೂರಿನ ಜಾತ್ರೆಯನ್ನು ಕಂಡವರಿಗೆ ಪೈಲ್ವಾನನ ಮೈಕಟ್ಟನ್ನು ನಾನು ಬಣ್ಣಿಸಬೇಕಾಗಿಲ್ಲ. ಕಪಿಲೆಯ ದಡದ ಈ ಊರಿನ ಜಾತ್ರೆಯೆಂದರೆ ತೇರು, ದಾಸೋಹಗಳ ಜೊತೆಗೆ ಕುಸ್ತಿಯೂ ಸೇರಿಯೇ ಸೇರಿತು. ಅಲ್ಲಿ ಮೈ ನೋಟಕ್ಕೆಂದು ನಿಲ್ಲುವುದಿಲ್ಲ. ತೊಡೆ ತಟ್ಟುತ್ತದೆ, ಮಣ್ಣು ಎರಚಿಕೊಳ್ಳುತ್ತದೆ, ಹಿಡಿಯುತ್ತದೆ, ಬಿಡಿಸಿಕೊಳ್ಳುತ್ತದೆ. ನೋಡುವವನಿಗೆ ಅದರ ಚೆಲುವು ಕಂಡರೆ ಅದು ಅವನ ಭಾಗ್ಯ. ದೇಹದಾರ್ಢ್ಯ ಸ್ಪರ್ಧೆಯ ಕ್ರಮವೇ ಬೇರೆ. ಅಲ್ಲಿ ದುಡಿಮೆಯೆಲ್ಲ ಮೊದಲೇ ಮುಗಿದಿರುತ್ತದೆ. ವೇದಿಕೆಯ ಮೇಲೆ ಉಳಿದಿರುವುದು ನಿಲ್ಲುವುದೊಂದೇ. ಆ ನಿಲ್ಲುವುದನ್ನೂ ಕಲಿಯಬೇಕು ಎಂಬುದು ನನಗೆ ತಿಳಿದದ್ದು ಈಚೆಗೆ.

ನಮ್ಮ ಬೀದಿಯ ಹಳೆಯ ಪೈಲ್ವಾನರೊಬ್ಬರ ಮೊಮ್ಮಗ ಮೈಸೂರಿನಲ್ಲಿ ಎರಡು ವರ್ಷ ವ್ಯಾಯಾಮ ಮಾಡಿ, ಮೊದಲ ಬಾರಿಗೆ ಸ್ಪರ್ಧೆಗೆ ಹೆಸರು ಕೊಟ್ಟಿದ್ದ. ಮನೆಯಲ್ಲಿ ಅಭ್ಯಾಸ ಮಾಡಲು ತಾತನ ಅಪ್ಪಣೆಯಿಲ್ಲ. "ಸಾರ್, ನಿಮ್ಮ ಹಿತ್ತಿಲಲ್ಲಿ ಸಂಜೆ ಒಂದರ್ಧ ಗಂಟೆ ನಿಂತ್ಕೋತೀನಿ" ಎಂದು ಕೇಳಿದ. ಗಡಿಯಾರ ಹಿಡಿದು ಎಣಿಸುವ ಕೆಲಸ ನನ್ನದಾಯಿತು.

ಭಂಗಿಯೆಂದರೆ ತೋಳು ಮಡಿಸಿ ಉಬ್ಬಿಸುವುದೆಂದು ನಾನು ಎಣಿಸಿದ್ದೆ. ಅದು ಪಾದದಿಂದ ಮೊದಲಾಗುತ್ತದೆ. ಮೊದಲು ಪಾದ ನೆಲದಲ್ಲಿ ಊರಬೇಕು. ಬಳಿಕ ಮೀನಖಂಡ, ತೊಡೆ, ಹೊಟ್ಟೆ ಒಂದೊಂದಾಗಿ ಬಿಗಿಯಬೇಕು. ತೋಳು ಏಳುವುದು ಕಟ್ಟಕಡೆಗೆ. ತೀರ್ಪುಗಾರರು ಸಾಮಾನ್ಯವಾಗಿ ಕೇಳುವ ಕಡ್ಡಾಯ ಭಂಗಿಗಳು ಏಳು: ಎದುರಿನಿಂದ ಎರಡು ತೋಳು, ಎದುರಿನಿಂದ ಹರಡಿದ ಬೆನ್ನಿನ ರೆಕ್ಕೆ, ಪಕ್ಕದಿಂದ ಎದೆ, ಹಿಂದಿನಿಂದ ಮತ್ತೆ ಆ ಎರಡೂ, ಪಕ್ಕದಿಂದ ತೋಳಿನ ಹಿಂಭಾಗ, ಕೊನೆಗೆ ಹೊಟ್ಟೆ ಮತ್ತು ತೊಡೆ. ಪ್ರತಿಯೊಂದರಲ್ಲೂ ಮೈಯೆಲ್ಲ ಬಿಗಿದಿರಬೇಕು, ಉಸಿರಾಟ ಸಾಗುತ್ತಿರಬೇಕು, ಮುಖದಲ್ಲಿ ಮಾತ್ರ ಆ ಕಷ್ಟದ ಸುಳಿವೂ ಕಾಣಬಾರದು. ಹೊಸಬ ಉಸಿರು ಕಟ್ಟಿಬಿಡುತ್ತಾನೆ. ಮುಖ ಕೆಂಪಾಗುತ್ತದೆ, ತೊಡೆ ನಡುಗುತ್ತದೆ. ಹದಿನೈದು ಎಣಿಸುವಷ್ಟರಲ್ಲಿ ಈ ಹುಡುಗ ಬೆವರಿನಲ್ಲಿ ತೊಯ್ದುಹೋಗುತ್ತಿದ್ದ. ಭಾರ ಎತ್ತುವುದಕ್ಕಿಂತ ಇದೇ ಕಷ್ಟ ಎಂದು ಅವನೇ ಹೇಳಿದ. ಮೊದಮೊದಲು ಗೋಡೆಗೆ ನಿಲುವುಗನ್ನಡಿ ಒರಗಿಸಿಕೊಂಡಿದ್ದ; ಆಮೇಲೆ ಅದನ್ನೂ ತೆಗೆಸಿದ. ವೇದಿಕೆಯಲ್ಲಿ ಕನ್ನಡಿಯಿರುವುದಿಲ್ಲ. ತನ್ನ ಮೈ ಹೊರಗಿನಿಂದ ಹೇಗೆ ಕಾಣುತ್ತಿದೆಯೆಂಬುದನ್ನು ಒಳಗಿನಿಂದಲೇ ಅರಿಯಬೇಕು. ಬರೆಯುವವರಿಗೂ ಈ ಕಷ್ಟ ಅಪರಿಚಿತವಲ್ಲ.

ಏಳು ಭಂಗಿಗಳ ನಡುವೆ 'ಸಹಜವಾಗಿ ನಿಲ್ಲುವುದು' ಎಂಬುದೊಂದಿದೆ. ಹೆಸರಷ್ಟೇ ಸಹಜ, ಆಗಲೂ ಯಾವ ಸ್ನಾಯುವೂ ಸಡಿಲವಾಗುವಂತಿಲ್ಲ. ಅದನ್ನು ಕಂಡಾಗ ನನಗೆ ಶ್ರವಣಬೆಳಗೊಳದ ಕಾಯೋತ್ಸರ್ಗ ನೆನಪಾಯಿತು. ಆದರೆ ದೇಹದಾರ್ಢ್ಯದವರು ಗೊಮ್ಮಟನನ್ನು ತಮ್ಮ ಮೂಲಪುರುಷನೆಂದು ಹೇಳಿಕೊಳ್ಳುವುದು ನನಗೆ ಒಪ್ಪಿಗೆಯಿಲ್ಲ. ಆ ನಿಲುವು ಮೈಯನ್ನು ಮರೆತದ್ದು. ಈ ನಿಲುವು ಮೈಯನ್ನು ಒಂದು ಕ್ಷಣವೂ ಮರೆಯಲಾರದ್ದು.

ಇದರ ವಂಶಾವಳಿಯನ್ನು ಹುಡುಕಬೇಕಾದದ್ದು ಬೇರೆ ಕಡೆ. ಯೂಜಿನ್ ಸ್ಯಾಂಡೋ ಎಂಬ ಮಲ್ಲ ಗ್ರೀಕ್ ಪ್ರತಿಮೆಗಳಂತೆ ನಿಂತು ಐರೋಪ್ಯರನ್ನು ಮರುಳುಮಾಡಿದವನು. ೧೯೦೧ರ ಸೆಪ್ಟೆಂಬರಿನಲ್ಲಿ ಅವನು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ನಡೆಸಿದ ಸ್ಪರ್ಧೆಗೆ ಅವನ ಜೊತೆ ತೀರ್ಪುಗಾರರಾಗಿ ಕುಳಿತವರು ಇಬ್ಬರು: ಒಬ್ಬ ಶಿಲ್ಪಿ, ಚಾರ್ಲ್ಸ್ ಲಾಸ್, ಇನ್ನೊಬ್ಬ ಕತೆಗಾರ, ಷರ್ಲಾಕ್ ಹೋಮ್ಸನ ಕರ್ತೃ ಕಾನನ್ ಡಾಯ್ಲ್. ಶಿಲ್ಪಿಯನ್ನು ಕರೆದದ್ದು ಸರಿಯಾಗಿಯೇ ಇತ್ತು.

ನಮ್ಮಲ್ಲಿ ಆ ಹಾದಿ ಹಿಡಿದವರು ಕೆ. ವಿ. ಅಯ್ಯರ್. ಬೆಂಗಳೂರಿನಲ್ಲಿ ವ್ಯಾಯಾಮಶಾಲೆ ನಡೆಸಿ, ೧೯೩೦ರಲ್ಲಿ 'ಮಸಲ್ ಕಲ್ಟ್' ಎಂಬ ಇಂಗ್ಲಿಷ್ ಪುಸ್ತಕ ಬರೆದು, ತಮ್ಮ ದೇಹವನ್ನೇ ಛಾಯಾಚಿತ್ರಗಳಲ್ಲಿ ಮಾದರಿಯಾಗಿ ನಿಲ್ಲಿಸಿದವರು. ಕೈಲಾಸಂ ಅವರ ಆಪ್ತ ಗೆಳೆಯರು. ಸಾಹಿತ್ಯದ ವಿದ್ಯಾರ್ಥಿಗಳು ಅವರನ್ನು 'ಶಾಂತಲಾ' ಕಾದಂಬರಿಯಿಂದ ಬಲ್ಲರು. ಆದರೆ ನನಗೆ ಇಲ್ಲಿ ಮುಖ್ಯವಾದದ್ದು 'ರೂಪದರ್ಶಿ'. ಬಾಲಯೇಸುವಿನ ಚಿತ್ರಕ್ಕೆ ಮಾದರಿಯಾದ ಮಗುವೇ ವರ್ಷಗಳ ಮೇಲೆ ದ್ರೋಹಿ ಜೂಡಾಸನ ಚಿತ್ರಕ್ಕೂ ಮಾದರಿಯಾಗಿ ಕಲಾವಿದನ ಮುಂದೆ ನಿಲ್ಲುವ ಕತೆ ಅದು. ಸ್ವತಃ ರೂಪದರ್ಶಿಯಾಗಿ ನಿಂತವರ ಲೇಖನಿಯಿಂದ ಇದು ಬಂದಿತೆಂಬುದನ್ನು ನಮ್ಮ ವಿಮರ್ಶಕರು ಸಾಕಷ್ಟು ಗಮನಿಸಿಲ್ಲ. ನಿಂತ ಮೈ ತನ್ನ ಬಾಳನ್ನು ಅಡಗಿಸಲಾರದೆಂಬುದು ಅಯ್ಯರ್ ಅವರಿಗೆ ಕ್ಯಾಮೆರಾದ ಮುಂದೆಯೇ ಹೊಳೆದಿರಬೇಕೆಂದು ನನ್ನ ಊಹೆ.

ಇದನ್ನೆಲ್ಲ ತಾತನಿಗೆ ಹೇಳಹೋದೆ. ಅವರು ಎಲೆ ಅಡಿಕೆ ಹಾಕಿಕೊಳ್ಳುತ್ತ ಕೇಳಿದರು. "ಮೇಷ್ಟ್ರೇ, ನಾವೂ ಲಂಗೋಟಿ ಕಟ್ಟಿದೋರೇಯ. ಆದ್ರೆ ಎದ್ರಿಗೆ ಒಬ್ಬ ಇರ್ತಿದ್ದ. ಇವ್ನ ಎದ್ರಿಗೆ ಯಾರವ್ನೆ?" ಎಂದರು. ಸರಿಯಾದ ಪ್ರಶ್ನೆ. ಜೋಡಿಯಿಲ್ಲದ ಕುಸ್ತಿ ಅವರಿಗೆ ಬರಿಯ ಪ್ರದರ್ಶನ. ಗಂಡಸು ಮೈಗೆ ಎಣ್ಣೆ ಬಣ್ಣ ಬಳಿದುಕೊಂಡು ನಗುತ್ತ ನಿಲ್ಲುವುದು ಮನೆತನಕ್ಕೆ ಕುಂದು. ನನ್ನ ಬಳಿ ಉತ್ತರವಿರಲಿಲ್ಲ. ಹಿತ್ತಿಲಿನಲ್ಲಿ ಅವನ ತೊಡೆ ಅವನ ಮಾತನ್ನೇ ಕೇಳದೆ ನಡುಗುವುದನ್ನು ಕಂಡಿದ್ದೆ. ಅಷ್ಟನ್ನು ಮಾತ್ರ ಹೇಳಿದೆ. ಅವರು ಸುಮ್ಮನಾದರು.

ಸ್ಪರ್ಧೆಗೆ ತಾತ ಬರಲಿಲ್ಲ. ಹುಡುಗನಿಗೆ ತನ್ನ ತೂಕದ ವಿಭಾಗದಲ್ಲಿ ಬಹುಮಾನವೇನೂ ಬರಲಿಲ್ಲ; ಮೊದಲ ಸಲ ನಿಂತವನಿಗೆ ಅದು ಆಶ್ಚರ್ಯವೂ ಅಲ್ಲ. ರಾತ್ರಿ ಕೊನೆಯ ಬಸ್ಸಿಗೆ ಊರಿಗೆ ಬಂದ. ಕತ್ತಿನ ಬಣ್ಣ ಇನ್ನೂ ಪೂರ್ತಿ ಹೋಗಿರಲಿಲ್ಲ. ತಾತ ಜಗಲಿಯ ಮೇಲೆ ಎಚ್ಚರವಾಗಿಯೇ ಇದ್ದರಂತೆ. ಎಷ್ಟನೆಯವನಾದೆ ಎಂದು ಕೇಳಲಿಲ್ಲವಂತೆ. "ಕಾಲು ನಡುಗ್ತೇನ್ಲಾ?" ಎಂದರಂತೆ.

"ಇಲ್ಲ ತಾತ" ಎಂದನಂತೆ ಇವನು.

"ಹೋಗು, ಉಣ್ಣೋಗು" ಎಂದು ಅವರು ಗೋಡೆಯ ಕಡೆಗೆ ಹೊರಳಿ ಮಲಗಿದರಂತೆ.