ಪರದೆ ನಮ್ಮದೇ ಇರಲಿ



ಏಪ್ರಿಲ್ 14ಕ್ಕೆ ಎಲ್ಲ ಓಣಿಗಳಲ್ಲೂ ಕಾರ್ಯಕ್ರಮ. ಬಾಡಿಗೆಗೆ ಹೋದರೆ ಉಳಿದ ಹರಕು ಪರದೆಯೇ ಅಕ್ಕಲಕೋಟ ಕಡೆಯ ನಮ್ಮ ನಾಟಕದವರ ಪಾಲಿಗೆ. ಚಾದರಕ್ಕೆ ಹೆಸರಾದ ಸೋಲಾಪುರ ಪಕ್ಕದಾಗೇ ಅದ. ಪಟ್ಟಿ ಕೂಡಿಸಿ ನಮ್ಮದೇ ಅಂಕದ ಪರದೆ ಹೊಲಿಸೋಣ.

ರಂಗ 20 ಫೂಟ್ ಅಗಲ ಇದ್ದರೆ ಬಟ್ಟೆ 40 ಫೂಟ್ ಬೇಕು. ಆಗಲೇ ನಿರಿಗೆ ತುಂಬಿ ಬೀಳ್ತಾವ. ಅರಿವಿ ದಪ್ಪ, ಬಣ್ಣ ಗಾಢ ಇರಲಿ. ಇಲ್ಲಾಂದ್ರ ಹಿಂದಿನ ದೀಪ ಮುಂದ ಕಾಣ್ತದ. ಬಿಸಿ ಲೈಟಿಗೆ ಪರದೆ ತಾಗಿದರೆ ಬೆಂಕಿ ಹತ್ತಬಹುದು, ದೂರ ಕಟ್ಟಿರಿ. ಆಟ ಮುಗಿದ ಮ್ಯಾಲೆ ಧೂಳು ಝಾಡಿಸಿರಿ. ಹಸಿ ಇದ್ದಾಗ ಮಡಚಬ್ಯಾಡ್ರಿ, ಬೂಷ್ಟು ಹಿಡಿತದ.

ಜಾತ್ರೆಯ ನಾಟಕವನ್ನು ದೂರ ನಿಂತು ನೋಡಿದ ಹಿರಿಯರು ಇನ್ನು ಮುಂದಿನ ಸಾಲಿನಾಗ ಕೂಡಲಿ. ಹಗ್ಗ ನಾವು ಎಳೆಯೋಣ.