ಫರ್ಮ್‌ವೇರ್ ನವೀಕರಣದ ನಂತರ ಹಳೆಯ ಕಂಪ್ಯೂಟರ್: ಮೆಮೊರಿ ದೋಷದ ಪತ್ತೆ ಮತ್ತು ಪಂಚಾಯಿತಿಯ ನಿರ್ಣಯ

(ಗ್ರಾಮ ಪಂಚಾಯಿತಿ ಸದಸ್ಯರ ತರಬೇತಿಯಲ್ಲಿ ನೀಡಿದ ಉಪನ್ಯಾಸದ ಪಠ್ಯ)



ಪಂಚಾಯಿತಿಯ ಸಾಮಾನ್ಯ ಸಭೆಯ ಮುಂದೆ ಆಗಾಗ ಬರುವ ವಿಷಯಗಳಲ್ಲಿ “ಕಚೇರಿಯ ಕಂಪ್ಯೂಟರ್ ಕೆಟ್ಟಿರುವುದರಿಂದ ಹೊಸದನ್ನು ಖರೀದಿಸುವ ಬಗ್ಗೆ” ಎಂಬುದೂ ಒಂದು. ಕುಡಿಯುವ ನೀರಿನ ಮೋಟಾರು ಕೆಟ್ಟಿತೆಂದರೆ ಸದಸ್ಯರು ಹತ್ತು ಪ್ರಶ್ನೆ ಕೇಳುತ್ತಾರೆ: ವೈಂಡಿಂಗ್ ಸುಟ್ಟಿದೆಯೇ, ಸ್ಟಾರ್ಟರ್ ಹೋಗಿದೆಯೇ, ಕೇಬಲ್ ತುಂಡಾಗಿದೆಯೇ, ವೋಲ್ಟೇಜ್ ಸಾಲದಾಗಿದೆಯೇ? ಕಂಪ್ಯೂಟರ್ ಕೆಟ್ಟಿತೆಂದಾಗ ಅದೇ ಸದಸ್ಯರು ಮೌನವಾಗಿ ಸಹಿ ಹಾಕುತ್ತಾರೆ. ಎರಡರಲ್ಲಿಯೂ ದೋಷವನ್ನು ಹುಡುಕುವ ಕ್ರಮ ಒಂದೇ ಬಗೆಯದು. ಒಂದೊಂದು ಭಾಗವನ್ನು ಬೇರ್ಪಡಿಸಿ ನೋಡಿದರೆ ಕೆಟ್ಟ ಭಾಗ ತಾನಾಗಿಯೇ ಕಾಣಿಸಿಕೊಳ್ಳುತ್ತದೆ.

ಈ ಉಪನ್ಯಾಸವು ಒಂದು ನಿರ್ದಿಷ್ಟ ಸಂದರ್ಭಕ್ಕೆ ಸೀಮಿತವಾಗಿದೆ. ಹಳೆಯ ಡೆಸ್ಕ್‌ಟಾಪ್ ಒಂದಕ್ಕೆ ಫರ್ಮ್‌ವೇರ್ ನವೀಕರಣ ಮಾಡಲಾಗಿದೆ. ಮರುದಿನದಿಂದ ಅದು ಆರಂಭವಾಗದೆ ಬೀಪ್ ಸದ್ದು ಮಾಡುತ್ತಿದೆ, ಅಥವಾ 8 ಜಿಬಿ ಮೆಮೊರಿಯ ಬದಲು 4 ಜಿಬಿ ತೋರಿಸುತ್ತಿದೆ, ಅಥವಾ ಕೆಲಸದ ನಡುವೆ ನೀಲಿ ಪರದೆ ಬಂದು ನಿಲ್ಲುತ್ತಿದೆ. ಹೊರಗೆ ತೆರಿಗೆ ರಸೀದಿಗೆ, ಇ-ಸ್ವತ್ತು ನಮೂನೆಗೆ ಬಂದ ಜನರು ಕಾಯುತ್ತಿದ್ದಾರೆ. ಇಂತಹ ಸಮಯದಲ್ಲಿ ಮಾಡಬೇಕಾದುದೇನು ಎಂಬುದೇ ಇಲ್ಲಿಯ ವಿಷಯ.

ಮೆಮೊರಿ ಮತ್ತು ಫರ್ಮ್‌ವೇರ್

ಹಾರ್ಡ್ ಡಿಸ್ಕ್ ಎಂಬುದು ಕಚೇರಿಯ ಕಪಾಟಿನಂತೆ. ವಿದ್ಯುತ್ ಹೋದರೂ ಅದರಲ್ಲಿನ ಕಡತ ಉಳಿಯುತ್ತದೆ. ಮೆಮೊರಿ, ಅಂದರೆ ರ‍್ಯಾಮ್, ಕೆಲಸದ ಮೇಜಿನಂತೆ. ಕಡತವನ್ನು ಕಪಾಟಿನಿಂದ ತೆಗೆದು ಮೇಜಿನ ಮೇಲೆ ಹರಡಿಯೇ ಕೆಲಸ ಮಾಡಬೇಕು. ವಿದ್ಯುತ್ ಹೋದೊಡನೆ ಮೇಜು ಬರಿದಾಗುತ್ತದೆ. ಡೆಸ್ಕ್‌ಟಾಪಿನ ರ‍್ಯಾಮ್ ಸುಮಾರು 13 ಸೆಂಟಿಮೀಟರ್ ಉದ್ದದ ತೆಳುವಾದ ಬಿಡಿಭಾಗ. ಮದರ್‌ಬೋರ್ಡಿನ ಮೇಲಿನ ಉದ್ದನೆಯ ಸ್ಲಾಟ್‌ನಲ್ಲಿ ಅದನ್ನು ನಿಲ್ಲಿಸಿ ಕೂರಿಸಲಾಗಿರುತ್ತದೆ.

ಫರ್ಮ್‌ವೇರ್ ಅಥವಾ ಬಯಾಸ್ ಎಂಬುದು ಮದರ್‌ಬೋರ್ಡಿನ ಚಿಕ್ಕ ಚಿಪ್ಪಿನಲ್ಲಿರುವ ತಂತ್ರಾಂಶ. ಗುಂಡಿ ಒತ್ತಿದಾಗ ವಿಂಡೋಸ್‌ಗಿಂತ ಮೊದಲು ಏಳುವುದು ಇದೇ. ಯಾವ ಸ್ಲಾಟ್‌ನಲ್ಲಿ ಎಷ್ಟು ರ‍್ಯಾಮ್ ಇದೆ, ಅದು ಯಾವ ವೇಗದಲ್ಲಿ ನಡೆಯಬೇಕು ಎಂಬುದನ್ನು ನಿರ್ಧರಿಸುವುದೂ ಇದೇ. ಆದ್ದರಿಂದ ಫರ್ಮ್‌ವೇರ್ ಬದಲಾದಾಗ ಮೆಮೊರಿಯ ನಡವಳಿಕೆಯೂ ಬದಲಾಗಬಹುದು.

ಇದಕ್ಕೆ ಮುಖ್ಯವಾಗಿ ಮೂರು ಕಾರಣಗಳು. ಮೊದಲನೆಯದಾಗಿ, ನವೀಕರಣದ ನಂತರ ಬಯಾಸ್‌ನ ಹಲವು ಆಯ್ಕೆಗಳು ಕಾರ್ಖಾನೆಯ ಮೂಲಸ್ಥಿತಿಗೆ ಮರಳುತ್ತವೆ. ಎರಡನೆಯದಾಗಿ, ಹೊಸ ಫರ್ಮ್‌ವೇರ್ ಮೆಮೊರಿಯ ವೇಗ ಮತ್ತು ಕಾಲಮಾನವನ್ನು ಬೇರೆ ರೀತಿಯಲ್ಲಿ ಹೊಂದಿಸಿದಾಗ, ಅದುವರೆಗೆ ಹೇಗೋ ನಡೆಯುತ್ತಿದ್ದ ದುರ್ಬಲ ರ‍್ಯಾಮ್ ತನ್ನ ದೋಷವನ್ನು ಹೊರಗೆಡಹುತ್ತದೆ. ಮೂರನೆಯದಾಗಿ, ಫರ್ಮ್‌ವೇರ್‌ನಲ್ಲಿಯೇ ದೋಷವಿರಬಹುದು.

ಮೂರನೆಯದಕ್ಕೆ ಲೋಕವೇ ಕಂಡ ಉದಾಹರಣೆಯಿದೆ. 2018ರ ಜನವರಿಯಲ್ಲಿ ಮೆಲ್ಟ್‌ಡೌನ್ ಮತ್ತು ಸ್ಪೆಕ್ಟರ್ ಎಂಬ ಪ್ರೊಸೆಸರ್ ಭದ್ರತಾ ಲೋಪಗಳು ಬಹಿರಂಗವಾದಾಗ ತಯಾರಕರು ತ್ವರೆಯಿಂದ ಫರ್ಮ್‌ವೇರ್ ನವೀಕರಣಗಳನ್ನು ಹೊರತಂದರು. ಅವನ್ನು ಅಳವಡಿಸಿದ ಬಳಿಕ ಇಂಟೆಲ್‌ನ ಹ್ಯಾಸ್‌ವೆಲ್ ಮತ್ತು ಬ್ರಾಡ್‌ವೆಲ್ ಪ್ರೊಸೆಸರ್‌ಗಳಿದ್ದ ಹಳೆಯ ಕಂಪ್ಯೂಟರ್‌ಗಳು ಕಾರಣವಿಲ್ಲದೆ ಪದೇ ಪದೇ ಮರುಆರಂಭವಾಗತೊಡಗಿದವು. ಅದೇ ತಿಂಗಳ 22ರಂದು ಇಂಟೆಲ್ ಸಂಸ್ಥೆಯೇ ಆ ಆವೃತ್ತಿಗಳ ಅಳವಡಿಕೆಯನ್ನು ನಿಲ್ಲಿಸುವಂತೆ ಸೂಚಿಸಿತು. ಮುಂದೆ ಸರಿಪಡಿಸಿದ ಆವೃತ್ತಿಗಳು ಬಂದವು. ಆಗ ಮರುಆರಂಭಗೊಳ್ಳುತ್ತಿದ್ದ ಯಂತ್ರವನ್ನು ಕಂಡು ರ‍್ಯಾಮ್ ಹೋಯಿತೆಂದು ಹೊಸದನ್ನು ಕೊಂಡವರಿಗೆ ಅದರಿಂದ ಪ್ರಯೋಜನವಾಗುವಂತಿರಲಿಲ್ಲ.

ಪರಿಶೀಲನೆಯ ಕ್ರಮ

ಉದಾಹರಣೆಗೆ ನಾಲ್ಕನೇ ತಲೆಮಾರಿನ ಕೋರ್ ಪ್ರೊಸೆಸರ್ ಮತ್ತು ತಲಾ 4 ಜಿಬಿಯ ಎರಡು ಡಿಡಿಆರ್3 ರ‍್ಯಾಮ್‌ಗಳಿರುವ ಡೆಸ್ಕ್‌ಟಾಪನ್ನು ತೆಗೆದುಕೊಳ್ಳಬಹುದು. ಯಂತ್ರವು ವಾರಂಟಿ ಅಥವಾ ವಾರ್ಷಿಕ ನಿರ್ವಹಣಾ ಒಪ್ಪಂದದಲ್ಲಿದ್ದರೆ ಅದನ್ನು ಕಚೇರಿಯಲ್ಲಿ ಬಿಚ್ಚದೆ ಸಂಬಂಧಿಸಿದವರಿಗೆ ಲಿಖಿತ ದೂರು ನೀಡತಕ್ಕದ್ದು. ಅವಧಿ ಮುಗಿದಿದ್ದರೆ ಮುಂದಿನ ಕ್ರಮವನ್ನು ಅನುಸರಿಸಬಹುದು.

ಒಂದು: ಕಾಯುವುದು. ನವೀಕರಣದ ನಂತರದ ಮೊದಲ ಆರಂಭದಲ್ಲಿ ಯಂತ್ರವು ಮೆಮೊರಿಯನ್ನು ಹೊಸದಾಗಿ ಹೊಂದಿಸಿಕೊಳ್ಳುವುದರಿಂದ ಪರದೆ ಕೆಲವು ನಿಮಿಷ ಕಪ್ಪಾಗಿರಬಹುದು. ಒಂದೆರಡು ಬಾರಿ ತಾನಾಗಿಯೇ ಆರಿ ಹತ್ತಬಹುದು. ಗಾಬರಿಯಿಂದ ಸ್ವಿಚ್ ತೆಗೆಯಬಾರದು. ಹತ್ತು ನಿಮಿಷ ಕಳೆದರೂ ಪರದೆ ಬಾರದಿದ್ದರೆ ಮಾತ್ರ ಮುಂದಿನ ಹಂತ.

ಎರಡು: ಬರೆದುಕೊಳ್ಳುವುದು. ಬೀಪ್ ಸದ್ದು ಎಷ್ಟು ಬಾರಿ, ಉದ್ದವೋ ಗಿಡ್ಡವೋ ಎಂಬುದನ್ನು ದಾಖಲಿಸಬೇಕು. ಅದರ ಅರ್ಥ ತಯಾರಕರಿಂದ ತಯಾರಕರಿಗೆ ಬೇರೆಯಾಗಿದ್ದು, ಆಯಾ ಮಾದರಿಯ ಕೈಪಿಡಿಯಲ್ಲಿ ಸಿಗುತ್ತದೆ. ನೀಲಿ ಪರದೆ ಬಂದರೆ ಮೊಬೈಲಿನಲ್ಲಿ ಅದರ ಚಿತ್ರ ತೆಗೆದಿಡಬೇಕು.

ಮೂರು: ಬಯಾಸ್ ಆಯ್ಕೆಗಳ ಪರಿಶೀಲನೆ. ಮೆಮೊರಿಯ ವೇಗ ‘ಆಟೋ’ ಸ್ಥಿತಿಯಲ್ಲಿರಬೇಕು. ಡಿಸ್ಕ್ ಕಾರ್ಯವಿಧಾನವು ಮೊದಲು ಎಎಚ್‌ಸಿಐ ಆಗಿದ್ದು ಈಗ ಬೇರೆಯಾಗಿದ್ದರೆ ವಿಂಡೋಸ್ ಏಳದೆ ನೀಲಿ ಪರದೆ ತೋರಿಸುತ್ತದೆ. ಇದು ಮೆಮೊರಿ ದೋಷವಲ್ಲ. ಆಯ್ಕೆಯನ್ನು ಮೊದಲಿನಂತೆ ಮಾಡಿದರೆ ಯಂತ್ರ ಸರಿಯಾಗುತ್ತದೆ.

ನಾಲ್ಕು: ಲೆಕ್ಕ ನೋಡುವುದು. ಬಯಾಸ್‌ನಲ್ಲಿಯೇ 8ರ ಬದಲು 4 ಜಿಬಿ ಕಂಡರೆ ಒಂದು ರ‍್ಯಾಮ್ ಗುರುತಿಸಲ್ಪಟ್ಟಿಲ್ಲ ಎಂದರ್ಥ. ಬಯಾಸ್‌ನಲ್ಲಿ 8 ಇದ್ದು ವಿಂಡೋಸ್‌ನಲ್ಲಿ ಬಳಕೆಗೆ ಸಿಗುವುದು 4ಕ್ಕಿಂತ ಕಡಿಮೆಯಾಗಿದ್ದರೆ, ಅಲ್ಲಿ 32 ಬಿಟ್ ವಿಂಡೋಸ್ ಇರಬಹುದು, ಅಥವಾ ಬಯಾಸ್‌ನ ‘ಮೆಮೊರಿ ರೀಮ್ಯಾಪ್’ ಆಯ್ಕೆ ಆರಿರಬಹುದು. 8ರಲ್ಲಿ 7.9 ಅಥವಾ 7.8 ತೋರಿಸಿದರೆ ಚಿಂತೆ ಬೇಡ. ಪರದೆಯ ಚಿತ್ರಕ್ಕಾಗಿ ಯಂತ್ರವು ಮೆಮೊರಿಯ ಸ್ವಲ್ಪ ಭಾಗವನ್ನು ತೆಗೆದಿರಿಸಿಕೊಳ್ಳುತ್ತದೆ.

ಐದು: ಬ್ಯಾಟರಿ. ಮದರ್‌ಬೋರ್ಡಿನ ಮೇಲೆ ನಾಣ್ಯದಾಕಾರದ 3 ವೋಲ್ಟ್‌ನ ಸಿಆರ್2032 ಬ್ಯಾಟರಿ ಇರುತ್ತದೆ. ಅದು ಸತ್ತರೆ ಪ್ರತಿ ಬಾರಿ ವಿದ್ಯುತ್ ಹೋದಾಗ ದಿನಾಂಕ ಹಿಂದಕ್ಕೆ ಹೋಗುತ್ತದೆ. ಬಯಾಸ್ ಆಯ್ಕೆಗಳೂ ಅಳಿಸಿಹೋಗಬಹುದು. ದಿನಾಂಕ ತಪ್ಪಾದಾಗ ಸುರಕ್ಷಿತ ಜಾಲತಾಣಗಳು ತೆರೆಯುವುದಿಲ್ಲ, ಡಿಜಿಟಲ್ ಸಹಿಯೂ ತಿರಸ್ಕೃತವಾಗಬಹುದು. ‘ಸರ್ವರ್ ಡೌನ್’ ಎಂದು ಜನರನ್ನು ಹಿಂದಕ್ಕೆ ಕಳುಹಿಸುವ ಮೊದಲು ಪರದೆಯ ಮೂಲೆಯಲ್ಲಿರುವ ದಿನಾಂಕವನ್ನು ಒಮ್ಮೆ ನೋಡುವುದು ಒಳಿತು.

ಆರು: ರ‍್ಯಾಮ್ ತೆಗೆದು ಕೂರಿಸುವುದು. ಯಂತ್ರವನ್ನು ಆರಿಸಿ, ಪ್ಲಗ್ ಕಿತ್ತು, ಪವರ್ ಗುಂಡಿಯನ್ನು ಹತ್ತು ಸೆಕೆಂಡು ಒತ್ತಿ ಹಿಡಿಯಬೇಕು. ಕೈಯಲ್ಲಿನ ಸ್ಥಿರ ವಿದ್ಯುತ್ ಹೋಗಲು ಪೆಟ್ಟಿಗೆಯ ಬಣ್ಣವಿಲ್ಲದ ಲೋಹವನ್ನು ಮುಟ್ಟಬೇಕು. ಸ್ಲಾಟ್‌ನ ತುದಿಯ ಕ್ಲಿಪ್ ಸರಿಸಿ ರ‍್ಯಾಮ್ ತೆಗೆದು, ಹೊನ್ನಿನ ಬಣ್ಣದ ಅಂಚನ್ನು ಮೃದುವಾದ ಬಿಳಿ ರಬ್ಬರಿನಿಂದ ಹಗುರವಾಗಿ ಉಜ್ಜಿ, ರಬ್ಬರಿನ ಪುಡಿಯನ್ನು ಒರೆಸಬೇಕು. ಸ್ಲಾಟ್‌ನ ಧೂಳನ್ನು ಒಣ ಬ್ರಷ್‌ನಿಂದ ತೆಗೆದು, ಕ್ಲಿಪ್ ‘ಟಕ್’ ಎನ್ನುವವರೆಗೆ ರ‍್ಯಾಮನ್ನು ಒತ್ತಿ ಕೂರಿಸಬೇಕು. ಧೂಳಿನ ರಸ್ತೆಯ ಬದಿಯ ಕಚೇರಿಗಳಲ್ಲಿ ಈ ಒಂದು ಹಂತದಲ್ಲಿಯೇ ಯಂತ್ರ ಸರಿಯಾದರೆ ಆಶ್ಚರ್ಯವಿಲ್ಲ.

ಏಳು: ಅದಲು ಬದಲು. ಇದೇ ಎಲ್ಲದರ ತಿರುಳು. ಒಂದೇ ರ‍್ಯಾಮನ್ನು ಮೊದಲ ಸ್ಲಾಟ್‌ನಲ್ಲಿ, ಬಳಿಕ ಎರಡನೆಯದರಲ್ಲಿ ಇಟ್ಟು ನೋಡಬೇಕು. ಅನಂತರ ಇನ್ನೊಂದು ರ‍್ಯಾಮನ್ನೂ ಹಾಗೆಯೇ. ಒಟ್ಟು ನಾಲ್ಕು ಪ್ರಯೋಗ. ದೋಷವು ರ‍್ಯಾಮ್ ಹೋದಲ್ಲೆಲ್ಲ ಹೋದರೆ ಆ ರ‍್ಯಾಮ್ ಕೆಟ್ಟಿದೆ. ಯಾವ ರ‍್ಯಾಮ್ ಇಟ್ಟರೂ ಒಂದೇ ಸ್ಲಾಟ್‌ನಲ್ಲಿ ದೋಷ ಬಂದರೆ ಸ್ಲಾಟ್ ಅಥವಾ ಮದರ್‌ಬೋರ್ಡ್ ಕೆಟ್ಟಿದೆ. ನಾಲ್ಕರಲ್ಲಿಯೂ ದೋಷವಿದ್ದರೆ ಸಂಶಯ ಫರ್ಮ್‌ವೇರ್, ಮದರ್‌ಬೋರ್ಡ್ ಅಥವಾ ವಿದ್ಯುತ್ ಪೂರೈಕೆಯ ಮೇಲೆ ಬೀಳುತ್ತದೆ.

ಎಂಟು: ರಾತ್ರಿಯ ಪರೀಕ್ಷೆ. ವಿಂಡೋಸ್‌ನಲ್ಲಿಯೇ ‘ಮೆಮೊರಿ ಡಯಾಗ್ನೋಸ್ಟಿಕ್’ ಎಂಬ ಪರೀಕ್ಷೆಯಿದೆ. ಇನ್ನೂ ಖಚಿತವಾಗಬೇಕಾದರೆ ಪೆನ್‌ಡ್ರೈವ್‌ನಿಂದ ನಡೆಯುವ ಮೆಮ್‌ಟೆಸ್ಟ್86+ ಎಂಬ ಉಚಿತ ತಂತ್ರಾಂಶವನ್ನು ರಾತ್ರಿಯಿಡೀ ಓಡಿಸಬಹುದು. ಒಂದೇ ಒಂದು ದೋಷ ಕಂಡರೂ ಆ ಯಂತ್ರವನ್ನು ಹಾಗೆಯೇ ಬಳಸಬಾರದು.

ಒಂಬತ್ತು: ಹಿಂದಿನ ಫರ್ಮ್‌ವೇರ್‌ಗೆ ಮರಳುವುದು. ಇದು ಕೊನೆಯ ಹಂತ. ಮೊದಲು ತಯಾರಕರು ಇನ್ನೂ ಹೊಸ, ತಿದ್ದಿದ ಆವೃತ್ತಿಯನ್ನು ಕೊಟ್ಟಿದ್ದಾರೆಯೇ ಎಂದು ನೋಡಬೇಕು. ಅದೇ ಮಾದರಿಯ ಕಡತವಿದ್ದು, ತಯಾರಕರು ಅನುಮತಿಸಿದ್ದು, ಯುಪಿಎಸ್ ಸುಸ್ಥಿತಿಯಲ್ಲಿದ್ದರೆ ಮಾತ್ರ ಕೈಹಾಕಬೇಕು. ಫರ್ಮ್‌ವೇರ್ ಬರೆಯುತ್ತಿರುವಾಗ ವಿದ್ಯುತ್ ಹೋದರೆ ಮದರ್‌ಬೋರ್ಡೇ ನಿರುಪಯುಕ್ತವಾಗಬಹುದು. ಡಿಸ್ಕ್‌ಗೆ ಬಿಟ್‌ಲಾಕರ್ ಬೀಗವಿದ್ದರೆ ಅದನ್ನು ತಾತ್ಕಾಲಿಕವಾಗಿ ತಡೆಹಿಡಿದು, ರಿಕವರಿ ಕೀಯನ್ನು ಕಾಗದದಲ್ಲಿ ಬರೆದಿಟ್ಟುಕೊಂಡೇ ಮುಂದುವರಿಯಬೇಕು.

ಕೆಟ್ಟ ಮೆಮೊರಿಯ ಅಪಾಯ

‘ಹೇಗೋ ನಡೆಯುತ್ತಿದೆ, ನಡೆಯಲಿ’ ಎಂಬ ಮಾತು ಮೆಮೊರಿಯ ವಿಷಯದಲ್ಲಿ ಸಲ್ಲದು. ಟೈಪ್ ಮಾಡಿದ ಪ್ರತಿ ಅಕ್ಷರವೂ ಅಂಕಿಯೂ ಮೊದಲು ಬರುವುದು ಮೆಮೊರಿಗೆ, ಅನಂತರ ಡಿಸ್ಕ್‌ಗೆ. ಮೇಜಿನ ಮೇಲೆಯೇ ಅಕ್ಷರ ಕೆಟ್ಟರೆ ಕಪಾಟಿಗೆ ಹೋಗುವುದು ಕೆಟ್ಟ ಕಾಗದವೇ. ಕಚೇರಿಯ ಯಂತ್ರದಲ್ಲಿರುವ ನಡಾವಳಿ, ತೆರಿಗೆ ಬೇಡಿಕೆಯ ಪಟ್ಟಿ, ಫಲಾನುಭವಿಗಳ ಪಟ್ಟಿ ಯಾವ ಎಚ್ಚರಿಕೆಯೂ ಇಲ್ಲದೆ ಹಾಳಾಗಬಹುದು. ಆದ್ದರಿಂದ ದೋಷದ ಮೊದಲ ಲಕ್ಷಣ ಕಂಡ ದಿನವೇ ಹೊಸ ನಮೂದು ನಿಲ್ಲಿಸಿ, ಡಿಸ್ಕನ್ನು ಸುಸ್ಥಿತಿಯಲ್ಲಿರುವ ಬೇರೊಂದು ಯಂತ್ರಕ್ಕೆ ಜೋಡಿಸಿ ಕಡತಗಳ ಪ್ರತಿ ತೆಗೆಯಬೇಕು.

ಕೊಳ್ಳುವುದೇ ಆದರೆ

ರ‍್ಯಾಮ್ ಒಂದೇ ಕೆಟ್ಟಿದ್ದರೆ ರ‍್ಯಾಮ್ ಒಂದನ್ನೇ ಕೊಳ್ಳಬೇಕು. ಡಿಡಿಆರ್3ಕ್ಕೆ 240 ಪಿನ್‌ಗಳು, ಡಿಡಿಆರ್4ಕ್ಕೆ 288. ಕಚ್ಚಿನ ಜಾಗವೂ ಬೇರೆಯಾದ್ದರಿಂದ ಒಂದರ ಸ್ಥಾನದಲ್ಲಿ ಇನ್ನೊಂದು ಕೂರುವುದಿಲ್ಲ. ಡಿಡಿಆರ್3ರ ವೋಲ್ಟೇಜ್ 1.5, ಡಿಡಿಆರ್3ಎಲ್‌ನದು 1.35. ಆದ್ದರಿಂದ ಹಳೆಯ ರ‍್ಯಾಮ್ ಮೇಲಿನ ಚೀಟಿಯ ವಿವರವನ್ನು ಖರೀದಿ ಪತ್ರದಲ್ಲಿ ಯಥಾವತ್ತಾಗಿ ನಮೂದಿಸಬೇಕು.

ಮದರ್‌ಬೋರ್ಡೇ ಹೋಗಿದ್ದರೆ ಹಳೆಯ ಯಂತ್ರಕ್ಕೆ ಹಣ ಸುರಿಯುವುದು ವಿವೇಕವಲ್ಲ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ನಾಲ್ಕನೇ ತಲೆಮಾರಿನ ಪ್ರೊಸೆಸರ್‌ಗಳು ವಿಂಡೋಸ್ 11ರ ಅಧಿಕೃತ ಪಟ್ಟಿಯಲ್ಲಿಲ್ಲ. ಫರ್ಮ್‌ವೇರ್ ನವೀಕರಿಸಿದ ಮಾತ್ರಕ್ಕೆ ಆ ಅರ್ಹತೆ ಬರುವುದೂ ಇಲ್ಲ. ಇಂತಹ ಯಂತ್ರಕ್ಕೆ ಒಂದು ರ‍್ಯಾಮ್‌ನ ಖರ್ಚು ಸಮರ್ಥನೀಯ, ಮದರ್‌ಬೋರ್ಡಿನ ಖರ್ಚು ಸಮರ್ಥನೀಯವಲ್ಲ.

ಸದಸ್ಯರು ಕೇಳಬೇಕಾದ ಪ್ರಶ್ನೆಗಳು

ಸದಸ್ಯರು ಸ್ಕ್ರೂಡ್ರೈವರ್ ಹಿಡಿಯಬೇಕಾಗಿಲ್ಲ. ಕಂಪ್ಯೂಟರ್ ಖರೀದಿಯ ವಿಷಯ ಸಭೆಗೆ ಬಂದಾಗ ಈ ಪ್ರಶ್ನೆಗಳನ್ನು ಕೇಳಿ, ಉತ್ತರವನ್ನು ನಡಾವಳಿಯಲ್ಲಿ ದಾಖಲಿಸುವಂತೆ ನೋಡಿಕೊಂಡರೆ ಸಾಕು.

ಯಂತ್ರ ಕೆಡುವ ಮೊದಲು ಏನು ಬದಲಾಯಿತು, ಯಾವ ದಿನಾಂಕದಂದು? ಎರಡು ರ‍್ಯಾಮ್‌ಗಳನ್ನು ಬೇರೆ ಬೇರೆಯಾಗಿ ಪರೀಕ್ಷಿಸಲಾಗಿದೆಯೇ, ಫಲಿತಾಂಶವೇನು? ಕಡತಗಳ ಪ್ರತಿ ಎಲ್ಲಿದೆ? ಕೆಟ್ಟಿರುವ ಭಾಗದ ಬೆಲೆ ಎಷ್ಟು, ಹೊಸ ಯಂತ್ರದ ಬೆಲೆ ಎಷ್ಟು? ಯುಪಿಎಸ್‌ನ ಬ್ಯಾಟರಿ ಎಷ್ಟು ನಿಮಿಷ ನಿಲ್ಲುತ್ತದೆ? ಹೊಸ ಯಂತ್ರ ಬರುವವರೆಗೆ ಜನರ ಅರ್ಜಿಗಳಿಗೆ ಮಾಡಿರುವ ಬದಲಿ ವ್ಯವಸ್ಥೆ ಯಾವುದು?

ಹಳೆಯ ಯಂತ್ರವನ್ನು ವಿಲೇವಾರಿ ಮಾಡುವ ಮುನ್ನ ಅದರ ಡಿಸ್ಕ್ ತೆಗೆದಿರಿಸಿ, ದಾಸ್ತಾನು ವಹಿಯಲ್ಲಿ ನಮೂದಿಸಬೇಕು. ಅದರಲ್ಲಿ ಗ್ರಾಮಸ್ಥರ ಆಧಾರ್ ಪ್ರತಿಗಳೂ ಬ್ಯಾಂಕ್ ಖಾತೆಯ ವಿವರಗಳೂ ಇರುತ್ತವೆ. ಅವು ಗುಜರಿ ಅಂಗಡಿಗೆ ಹೋಗಬಾರದು. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿರ್ವಹಣಾ ನಿಯಮಗಳು, 2022ರ ಆಶಯದಂತೆ ಉಳಿದ ಭಾಗಗಳು ನೋಂದಾಯಿತ ಸಂಸ್ಕರಣಾ ಘಟಕಗಳಿಗೇ ಸೇರಬೇಕು.

ಒಂದು ಗಂಟೆಯ ಪರಿಶೀಲನೆ ಮತ್ತು ಒಂದು ರಾತ್ರಿಯ ಪರೀಕ್ಷೆಯಿಂದ ಇಷ್ಟೆಲ್ಲ ತಿಳಿಯುತ್ತದೆ. ಅದರ ವರದಿ ಒಂದು ಪುಟ ಮೀರುವುದಿಲ್ಲ. ಆ ಒಂದು ಪುಟ ಕಡತದಲ್ಲಿದ್ದರೆ ಕೊಳ್ಳುವ ನಿರ್ಣಯಕ್ಕೂ, ಕೊಳ್ಳದಿರುವ ನಿರ್ಣಯಕ್ಕೂ ಆಧಾರವಿರುತ್ತದೆ; ಲೆಕ್ಕಪರಿಶೋಧನೆಯ ವೇಳೆ ಉತ್ತರವೂ ಸಿದ್ಧವಿರುತ್ತದೆ. ಮುಂದಿನ ಸಾಮಾನ್ಯ ಸಭೆಯಲ್ಲಿ ಇಂತಹ ವಿಷಯ ಬಂದಾಗ ಸದಸ್ಯರು ಮೊದಲು ಆ ಪುಟವನ್ನು ಕೇಳಬೇಕೆಂದು ವಿನಂತಿ.