ಕಿಸೆಯಲ್ಲಿರುವ ಚರಿತ್ರೆ
(ಸಂಘದ ಸಭೆಯಲ್ಲಿ ಮಾಡಿದ ಭಾಷಣ)

ಸೋದರರೇ,

ನಾನು ಏಳನೆಯ ಇಯತ್ತೆ ಓದಿದವನು. ಮುಂಬಯಿಗೆ ಬಂದು ಕಪ್ಪುಬಸಿ ತೊಳೆದವನು. ಚರಿತ್ರೆಯ ಮಾತಾಡಲು ಇವನಾರು ಎಂದು ನೀವು ಕೇಳಬಹುದು.

1982ರ ಜನವರಿ 18ರಂದು ಈ ನಗರದ ಗಿರಣಿ ಮುಷ್ಕರ ಆರಂಭವಾಯಿತು. ಸುಮಾರು 2.5 ಲಕ್ಷ ಕಾಮಗಾರರು ಹೊರಬಂದರು. ಅನೇಕ ಗಿರಣಿಗಳಿದ್ದಲ್ಲಿ ಇಂದು ಮಾಲುಗಳೆದ್ದಿವೆ. ಮಾಲಕರ ಲೆಕ್ಕದ ಪುಸ್ತಕದಲ್ಲಿ ನಮ್ಮವರ ಹೊಟ್ಟೆಯ ಕತೆ ಸಿಗದು. ಮೀನಾ ಮೆನನ್, ನೀರಾ ಅಡಾರ್ಕರ್ ಎಂಬಿಬ್ಬರು ಗಿರಣಗಾಂವದ ಕಾಮಗಾರರ ಬಾಯಿಮಾತನ್ನೇ ಕೂಡಿಸಿ 2004ರಲ್ಲಿ ಪುಸ್ತಕ ತಂದರು. ಮಾತು ಹಿಡಿಯುವ ಯಂತ್ರ ಈಗ ನಮ್ಮ ಕಿಸೆಯಲ್ಲೇ ಇದೆ.

ಯಂತ್ರವಿದ್ದರೆ ಸಾಲದು. ಹೋದ ಮಳೆಗಾಲದಲ್ಲಿ ಮಗ್ಗಖಾತೆಯಲ್ಲಿ ದುಡಿದ ಹಿರಿಯರೊಬ್ಬರ ಮಾತನ್ನು ಎರಡು ತಾಸು ಮೊಬೈಲಿನಲ್ಲಿ ಹಿಡಿದೆ. ಹೆಂಡತಿಯ ತಾಳಿ ಅಡವಿಟ್ಟದ್ದನ್ನು ಹೇಳುತ್ತ ಅವರು ಸುಮ್ಮನಾದರು. ಆ ಮೌನವೂ ಅದರಲ್ಲಿತ್ತು. ನಾಲ್ಕನೆಯ ದಿನ ಮೊಬೈಲು ಮೋರಿಯ ಬಾಲ್ದಿಗೆ ಬಿತ್ತು. ಬೇರೆ ಪ್ರತಿ ಇರಲಿಲ್ಲ. ಮತ್ತೆ ಹೋಗುವಷ್ಟರಲ್ಲಿ ಅವರು ತೀರಿಕೊಂಡಿದ್ದರು. ತಪ್ಪು ನನ್ನದೇ.

ಆದ್ದರಿಂದ ಕೇಳಿಕೊಳ್ಳುತ್ತೇನೆ. ಮೊದಲು ಒಪ್ಪಿಗೆ ಪಡೆಯಿರಿ. ಅವರು ಬೇಡವೆಂದ ಮಾತನ್ನು ಅಳಿಸಿ. ಹೆಸರು, ಊರು, ಗಿರಣಿ, ತಾರೀಖು ಆರಂಭದಲ್ಲೇ ಬಾಯಿಬಿಟ್ಟು ಹೇಳಿ. ಅದೇ ರಾತ್ರಿ ಬೇರೆ ಎರಡು ಕಡೆ ಪ್ರತಿ ಇಡಿ. ಪಗಾರದ ಚೀಟಿ, ಹಾಜರಿ ಕಾರ್ಡು ಕಸವೆಂದು ಎಸೆಯಬೇಡಿರಪ್ಪಾ! ಹಗಲು ಬೆಳಕಿನಲ್ಲಿ ನೆಟ್ಟಗೆ ಚಿತ್ರ ತೆಗೆಯಿರಿ, ಬೆನ್ನಿನ ಬರಹವನ್ನೂ. ವಾಟ್ಸಾಪಿನಲ್ಲಿ ಫೋಟೋ ಎಂದು ಕಳಿಸಿದರೆ ಚಿತ್ರ ಕುಗ್ಗಿ ಸಣ್ಣ ಅಕ್ಷರ ಮಸಕಾಗುತ್ತದೆ. ಡಾಕ್ಯುಮೆಂಟ್ ಎಂದು ಕಳಿಸಿ.

ಆದಿತ್ಯವಾರ ಮಧ್ಯಾಹ್ನ ನಾನು ಸಂಘದ ಕೋಣೆಯಲ್ಲಿರುತ್ತೇನೆ. ಟ್ರಂಕಿನ ತಳದಲ್ಲಿದ್ದುದನ್ನೆಲ್ಲ ತನ್ನಿ.